ಭಾನುವಾರ ಕೂಲಿಗೆ ಹೋಗದವರು

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಹೋಗದಿರುವುದು ಇವತ್ತು ಯಾರಿಗೂ ಸಾಹಸ ಎನಿಸುವುದಿಲ್ಲ. ಮುವ್ವಲವಾನಿಪಾಲೆಂ ಎಂಬ ಉದ್ದ ಹೆಸರನ್ನು ಮೂರಕ್ಷರಕ್ಕೆ ಇಳಿಸಿಕೊಂಡ ಈ ಬಡಾವಣೆಯಲ್ಲಿ ವಾರದ ರಜೆ ಎಲ್ಲರ ಪಾಲಿನದು. ಬೈಬಲ್ ಹಿಡಿದು ಆರಾಧನೆಗೆ ಹೊರಡುವವರಿಗೂ ಅಷ್ಟೇ, ತಡವಾಗಿ ಏಳುವವರಿಗೂ ಅಷ್ಟೇ. ಆದರೆ ಸುಮಾರು ನೂರೈವತ್ತು ವರ್ಷಗಳ ಹಿಂದೆ ಆಂಧ್ರದ ಕರಾವಳಿ ಜಿಲ್ಲೆಗಳ ಹಳ್ಳಿಗಳಲ್ಲಿ ಆ ಒಂದು ದಿನ ಹೊಲಕ್ಕೆ ಬರುವುದಿಲ್ಲ ಎಂದ ಕೂಲಿಯಾಳು ಅನ್ನಕ್ಕೇ ಸಂಚಕಾರ ತಂದುಕೊಳ್ಳುತ್ತಿದ್ದ. ದೇವರ ಭಯವೆಂದರೆ ಬಡವರನ್ನು ತಲೆಬಾಗಿಸಿ ಇಡುವ ಉಪಾಯ ಎಂಬ ಮಾತನ್ನು ನಾವು ಬಹಳ ಕೇಳಿದ್ದೇವೆ. ಈ ಸೀಮೆಯ ಕ್ರೈಸ್ತರ ಚರಿತ್ರೆ ನೋಡಿದರೆ ಆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಇಲ್ಲಿ ದೇವರ ಭಯ ಮೊದಲು ಮಾಡಿದ್ದು ಬೇರೆ ಭಯಗಳನ್ನು ಬಿಡಿಸುವ ಕೆಲಸ. ಪ್ರೀತಿಯೂ ಆರಾಧನೆಯೂ ದಿನದ ಬದುಕಿನಲ್ಲಿ ಬೇರೂರಿದ್ದು ಹಾಗೆ ತೆರವಾದ ಜಾಗದಲ್ಲಿ.

ಭಯ ಬಿಡಿಸುವ ಈ ಕೆಲಸವನ್ನು ಬೈಬಲ್ ಪುಸ್ತಕವೊಂದೇ ಮಾಡಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಲಂಡನ್ ಮಿಷನರಿ ಸೊಸೈಟಿಯ ಜಾರ್ಜ್ ಕ್ರಾನ್ ಮತ್ತು ಆಗಸ್ಟಸ್ ಡೆ ಗ್ರಾಂಜಸ್ ವಿಶಾಖಪಟ್ಟಣಕ್ಕೆ ಬಂದಿಳಿದದ್ದು 1805ರಲ್ಲಿ. ಅದೇ ಸಂಸ್ಥೆಯ ಜಾನ್ ಹ್ಯಾಂಡ್ಸ್ ನಮ್ಮ ಬಳ್ಳಾರಿಗೆ ಬರುವುದಕ್ಕೆ ಐದು ವರ್ಷ ಮೊದಲು. ಆನಂದರಾಯರ್ ಎಂಬ ಬ್ರಾಹ್ಮಣ ಕ್ರೈಸ್ತರ ನೆರವಿನಿಂದ ಅವರು ಆರಂಭಿಸಿದ ತೆಲುಗು ಅನುವಾದದಲ್ಲಿ ಮೂರು ಸುವಾರ್ತೆಗಳು 1812ರಲ್ಲಿ ಸಿರಾಂಪುರದಲ್ಲಿ ಅಚ್ಚಾದವು. ಅಷ್ಟರಲ್ಲಿ ಇಬ್ಬರು ಮಿಷನರಿಗಳೂ ತೀರಿಕೊಂಡಿದ್ದರು. 1818ಕ್ಕೆ ಹೊಸ ಒಡಂಬಡಿಕೆ ಪೂರ್ತಿಯಾಗಿ ಬಂತು. ಪುಸ್ತಕ ಬಂದರೂ ದಶಕಗಳ ಕಾಲ ಸಭೆ ಬೆರಳೆಣಿಕೆಯಷ್ಟೇ ಉಳಿಯಿತು. ಜನ ಬಂದದ್ದು ಪೇಟೆಯ ಕಡೆಯಿಂದಲ್ಲ, ಊರಾಚೆಯ ಕೇರಿಗಳಿಂದ. ಕೃಷ್ಣಾ ಸೀಮೆಯ ರಾಘವಾಪುರದ ಪಗೋಲು ವೆಂಕಯ್ಯ ಮಾಲ ಜಾತಿಯವರು. ಯಾವ ಮಿಷನರಿಯನ್ನೂ ಕಾಣುವ ಮೊದಲೇ ವಿಗ್ರಹಗಳನ್ನು ಬಿಟ್ಟು, ಹೆಸರು ತಿಳಿಯದ ದೇವರನ್ನು ಕರೆದು ಪ್ರಾರ್ಥಿಸುತ್ತಿದ್ದರಂತೆ. ಹುಡುಕುತ್ತ ಹೋದ ಅವರಿಗೆ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಚರ್ಚ್ ಮಿಷನರಿ ಸೊಸೈಟಿಯ ಡಾರ್ಲಿಂಗ್ ಸಿಕ್ಕರು, 1859ರಲ್ಲಿ ದೀಕ್ಷಾಸ್ನಾನವಾಯಿತು. ಹುಡುಕಾಟ ಕೇರಿಯಲ್ಲೇ ಹುಟ್ಟಿತ್ತು, ಮಿಷನ್ ಅದಕ್ಕೆ ಎದುರಾಯಿತು ಅಷ್ಟೇ.

ಒಂಗೋಲಿನ ಸುತ್ತ ಇದು ಇನ್ನೂ ಸ್ಪಷ್ಟ. ಚರ್ಮದ ವ್ಯಾಪಾರ ಮಾಡುತ್ತಿದ್ದ ಮಾದಿಗರ ಯೆರ್ರಗುಂಟ್ಲ ಪೇರಯ್ಯ 1866ರಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನ್ನಿನಲ್ಲಿ ದೀಕ್ಷಾಸ್ನಾನ ಪಡೆದರು. ಅವರ ಹಿಂದೆ ಬಂದವರಿಗೆ ಇದ್ದ ಕಟ್ಟಳೆ ಮೂರೇ: ಭಾನುವಾರ ಕೆಲಸ ಮಾಡಬಾರದು, ಸತ್ತ ದನದ ಮಾಂಸ ತಿನ್ನಬಾರದು, ವಿಗ್ರಹಕ್ಕೆ ಕೈಮುಗಿಯಬಾರದು. ಓದುವಾಗ ಇವು ಬರಿಯ ಮಡಿಯ ನಿಯಮಗಳಂತೆ ಕಾಣುತ್ತವೆ. ಊರಿನ ವ್ಯವಸ್ಥೆಯೊಳಗೆ ಇಟ್ಟು ನೋಡಿದರೆ ಒಂದೊಂದೂ ಒಂದೊಂದು ಬಿಟ್ಟಿ ಚಾಕರಿಯ ನಿರಾಕರಣೆ. ಕರೆದಾಗ ಬರಬೇಕಾದ ಆಳು ವಾರಕ್ಕೊಂದು ದಿನ ಬರುವುದಿಲ್ಲ. ಸತ್ತ ದನ ಹೊತ್ತು ಅದರ ಮಾಂಸವನ್ನೇ ಸಂಬಳವೆಂದು ತಿನ್ನುವುದಿಲ್ಲ. ಊರದೇವತೆಯ ಜಾತ್ರೆಯಲ್ಲಿ ತಮಟೆ ಬಾರಿಸುವುದಿಲ್ಲ. ಊರ ಲೆಕ್ಕ ಬರೆಯುವ ಕರಣಂಗಳು, ಜಮೀನುದಾರರು ಸಿಟ್ಟಾದದ್ದು, ಕೂಲಿಯನ್ನೂ ವ್ಯಾಪಾರವನ್ನೂ ತಡೆದದ್ದು ಇದಕ್ಕೇ. ಮೇಲಿನವನಿಗೆ ಹೆದರುತ್ತೇನೆ ಎಂದ ಮನುಷ್ಯ ಜಮೀನುದಾರನಿಗೂ ಮಾರಿಗೂ ಹೆದರುವುದನ್ನು ಬಿಡತೊಡಗಿದ್ದ. ಎಲ್ಲರಿಗಿಂತ ದೊಡ್ಡ ಒಡೆಯನ ಅಪ್ಪಣೆ ಇದೆ ಎನ್ನುವವನ ಮುಂದೆ ಊರ ಒಡೆಯನ ಅಪ್ಪಣೆ ಚಿಕ್ಕದಾಗುತ್ತದೆ.

ಇದೆಲ್ಲ ಹೊಟ್ಟೆಪಾಡಿನ ಮತಾಂತರ ಎಂಬ ಆಕ್ಷೇಪ ಹಳೆಯದು. 1876-78ರ ಬರಗಾಲದಲ್ಲಿ ಆ ಬ್ಯಾಪ್ಟಿಸ್ಟ್ ಮಿಷನ್ನಿನ ಜಾನ್ ಕ್ಲಫ್ ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿ ಅಗೆತದ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟರು. 1878ರ ಜುಲೈ 3ರಂದು ಒಂದೇ ದಿನ 2,222 ಮಂದಿಗೆ ದೀಕ್ಷಾಸ್ನಾನವಾಯಿತು. ಎರಡನ್ನೂ ಕೂಡಿಸಿ ನೋಡಿದರೆ ಅನುಮಾನ ಸಹಜ. ಆದರೆ ಬರ ಪರಿಹಾರ ಜೋರಾಗಿ ನಡೆಯುತ್ತಿದ್ದಾಗ, ಈ ಅನುಮಾನಕ್ಕೆ ಎಡೆಯಾಗಬಾರದೆಂದೇ ಕ್ಲಫ್ ದೀಕ್ಷಾಸ್ನಾನ ನಿಲ್ಲಿಸಿದ್ದರು. ಚಳವಳಿ ಆರಂಭವಾದದ್ದು ಬರಕ್ಕೆ ಹತ್ತು ವರ್ಷ ಮುಂಚೆ. ಅನ್ನ ಕೊಟ್ಟವರ ಮೇಲೆ ಕೃತಜ್ಞತೆ ಇರಲಿಲ್ಲ ಎನ್ನಲಾಗದು. ಆದರೆ ಕೂಲಿ ಕಳೆದುಕೊಳ್ಳುವ ಕಟ್ಟಳೆಯನ್ನು ಕೇವಲ ಕೂಲಿಗಾಗಿ ಯಾರೂ ಒಪ್ಪುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಒಬ್ಬ ಒಡೆಯ ಹೋಗಿ ಇನ್ನೊಬ್ಬ ಬಂದನಲ್ಲವೆ? ಇದಕ್ಕೆ ನಮ್ಮ ಕರಾವಳಿಯೇ ಸಾಕ್ಷಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಕ್ರೈಸ್ತರಾದ ಬಿಲ್ಲವರು ಶೇಂದಿ ಇಳಿಸುವುದನ್ನು ಒಪ್ಪಲಿಲ್ಲ. ಕಸುಬು ಹೋಯಿತು, ಮಗ್ಗದ ಶಾಲೆ, 1865ರಲ್ಲಿ ಹಂಚಿನ ಕಾರ್ಖಾನೆ ಬಂದವು. ಮಿಷನ್ನೇ ಧಣಿ, ಮಿಷನ್ನೇ ಗುರು. ಇಂಥ ಕಡೆ ದೇವರ ಭಯವೂ ಮೇಲಧಿಕಾರಿಯ ಭಯವೂ ಒಂದರೊಳಗೊಂದು ಸೇರಿಹೋಗುವುದು ಸುಲಭ, ಸೇರಿದ್ದೂ ಉಂಟು. ಇದನ್ನು ಮುಚ್ಚಿಡಬೇಕಿಲ್ಲ. ಹೊಸ ಒಡೆತನ ಬಂದಿತೆಂಬ ಮಾತ್ರಕ್ಕೆ ಹಳೆಯದು ಕಳಚಿದ್ದು ಸುಳ್ಳಾಗುವುದೂ ಇಲ್ಲ. ಮೇಲಾಗಿ, ಮನುಷ್ಯರಿಗಿಂತ ದೇವರಿಗೆ ಹೆಚ್ಚು ವಿಧೇಯರಾಗಬೇಕು ಎಂದು ಕಲಿಸಿದವರು ಆ ಅಳತೆಗೋಲನ್ನು ತಮ್ಮ ಮೇಲೆ ಹಿಡಿಯುವ ಹಕ್ಕನ್ನೂ ಜನರಿಗೆ ಕೊಟ್ಟಂತಾಯಿತು.

ಭಯವಷ್ಟೇ ಉಳಿದಿದ್ದರೆ ಈ ಧರ್ಮ ನಿಯಮಗಳ ಪಟ್ಟಿಯಾಗಿ ಒಣಗುತ್ತಿತ್ತು. ಪ್ರೀತಿ ಮನೆಗೆ ಬಂದದ್ದು ಹಾಡಿನ ದಾರಿಯಲ್ಲಿ. 1803ರಲ್ಲಿ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದ ಪುರುಷೋತ್ತಮ ಚೌಧರಿ ತೆಲುಗಿನಲ್ಲಿ ನೂರಕ್ಕೂ ಹೆಚ್ಚು ಕ್ರೈಸ್ತ ಕೀರ್ತನೆ ರಚಿಸಿದರು. ರಾಗ ತಾಳ ಈ ನೆಲದವು. ಅಕ್ಷರ ಬಾರದವರೂ ಕೇಳಿ ಕಲಿಯಬಹುದಾದವು. ಮೇಲುಜಾತಿಯವರ ಕೀರ್ತನೆ ಕೇರಿಗೆ ಹೇಗೆ ಒಗ್ಗಿತು ಎಂದು ಕೇಳಬಹುದು. ಪೇರಯ್ಯನವರೇ ಮೊದಲು ರಾಜಯೋಗ ಪಂಥದ ಗುರುಗಳ ಬಳಿ ಕಲಿತವರು. ಕೇರಿಗೆ ಭಕ್ತಿ ಹೊಸದಾಗಿರಲಿಲ್ಲ.

ಹಾಗಾದರೆ ಹಳೆಯ ಭಯಗಳೆಲ್ಲ ಹೋದವೆ? ವಿಜಯವಾಡದ ಗುಣದಲ ಬೆಟ್ಟದಲ್ಲಿ ಫೆಬ್ರವರಿಯ ಲೂರ್ದು ಮಾತೆಯ ಹಬ್ಬಕ್ಕೆ ಲಕ್ಷಾಂತರ ಜನ ಸೇರುತ್ತಾರೆ, ಹಿಂದೂಗಳೂ ಬರುತ್ತಾರೆ; ಮುಡಿ ಕೊಡುತ್ತಾರೆ, ಕಾಯಿ ಒಡೆಯುತ್ತಾರೆ. ರೋಗ, ಸಾಲ, ಬಂಜೆತನದ ಭಯ ಯಾವ ದೀಕ್ಷೆಯಿಂದಲೂ ಅಳಿಯುವುದಲ್ಲ. ಹರಕೆಯಲ್ಲಿ ಆ ಭಯವಿದೆ, ತಾಯಿಯೆಂದು ಕರೆಯುವ ಸಲಿಗೆಯೂ ಇದೆ. ಆದ್ದರಿಂದ ಭಯ ಕೆಳಗಿನ ಮೆಟ್ಟಿಲು, ಪ್ರೀತಿ ಮೇಲಿನದು ಎಂಬ ಪ್ರವಚನದ ಲೆಕ್ಕ ಈ ಚರಿತ್ರೆಗೆ ಹೊಂದುವುದಿಲ್ಲ. ಇಲ್ಲಿನ ಜನರ ಮುಂದಿದ್ದ ಆಯ್ಕೆ ಭಯವೋ ಪ್ರೀತಿಯೋ ಎಂಬುದಲ್ಲ, ಯಾರಿಗೆ ಹೆದರಬೇಕು ಎಂಬುದು. ಪ್ರೀತಿಸಲು ಯೋಗ್ಯನಾದವನಿಗೆ ಮಾತ್ರ ಹೆದರುತ್ತೇವೆಂದು ಅವರು ತೀರ್ಮಾನಿಸಿದರು. ಆ ತೀರ್ಮಾನವನ್ನು ನಡೆಸಲು ವಾರದಲ್ಲಿ ಒಂದು ದಿನವನ್ನು ಜಗಳವಾಡಿ ಪಡೆದರು. ಇವತ್ತು ಜಗಳವಿಲ್ಲದೆ ಸಿಗುವ ಆ ದಿನವನ್ನು ಬರಿಯ ವಿಶ್ರಾಂತಿಯೆಂದು ಎಣಿಸುವವರು ಅದಕ್ಕೆ ತೆತ್ತ ಬೆಲೆಯನ್ನು ಲೆಕ್ಕದಿಂದ ಬಿಡುತ್ತಾರೆ.