ಮಲೆನಾಡಿನ ಹೇರೆತ್ತಿನ ದಾರಿಗಳು

ಪಡುವಣ ಕಡಲಿನಲ್ಲಿ ಹಡಗು ನಡೆಸುತ್ತಿದ್ದವರಿಗೆ ಬಹುಕಾಲದಿಂದ ಗುರುತಾಗಿದ್ದ ಬೆಟ್ಟವೊಂದುಂಟು. ಕರಾವಳಿಯ ಕಡೆಯಿಂದ ನೋಡಿದರೆ ಅದರ ಶಿಖರವು ಕುದುರೆಯ ಮೋರೆಯಂತೆ ತೋರುವುದರಿಂದ ಅದಕ್ಕೆ ಕುದುರೆಮುಖವೆಂದು ಹೆಸರಾಯಿತು. ಕಳಸದ ಸೀಮೆಯಲ್ಲಿ 6,200 ಅಡಿಗೂ ಮೀರಿ ಎದ್ದು ನಿಂತಿರುವ ಈ ಬೆಟ್ಟವು ಕುದುರೆಯ ಹೆಸರನ್ನು ಹೊತ್ತಿರುವುದೇನೋ ನಿಜ. ಆದರೆ ಅದರ ಸುತ್ತಣ ನಾಡಿನ ಹೊರೆಯನ್ನು ಶತಮಾನಗಳ ಕಾಲ ಬಹುಮಟ್ಟಿಗೆ ಹೊತ್ತುದು ಎತ್ತು. ಆ ಹೇರೆತ್ತುಗಳನ್ನೂ, ಅವು ತುಳಿದ ದಾರಿಗಳನ್ನೂ, ಅವುಗಳ ಹಿಂದೆ ನಡೆದ ಜನರನ್ನೂ ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಚರಿತ್ರೆಯನ್ನು ಹೇಳುವ ವಾಡಿಕೆ ಒಂದು ಬಗೆಯಾಗಿ ನಿಂತುಬಿಟ್ಟಿದೆ. ಬಾಬಾ ಬುಡನ್ ಎಂಬ ಸಾಧುವು ಅರಬ್ಬೀ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದನೆಂಬ ಐತಿಹ್ಯ ಮೊದಲು; ಇಂಗ್ಲಿಷ್ ತೋಟಗಾರರು ಬಂದುದು ಆಮೇಲೆ; ರಸ್ತೆಗಳಾದುದು ಕೊನೆಗೆ. ತರಗತಿಯಲ್ಲಿ ನಾವೂ ಹೀಗೆಯೇ ಹೇಳಿಕೊಂಡು ಬಂದವರು. ಒಮ್ಮೆ ವಿದ್ಯಾರ್ಥಿಯೊಬ್ಬನು, “ರಸ್ತೆಗಳು ಕೊನೆಗೆ ಆದುವೆಂದರೆ ಅದಕ್ಕೆ ಮೊದಲು ಕಾಫಿ ಬೆಟ್ಟದಿಂದ ಇಳಿದದ್ದು ಹೇಗೆ, ಸ್ವಾಮಿ?” ಎಂದು ಕೇಳಿದನು. ಪ್ರಶ್ನೆಯು ಸಣ್ಣದು, ಆದರೆ ಅದಕ್ಕೆ ಉತ್ತರವನ್ನು ಹುಡುಕಹೊರಟಾಗ ನಾವು ಹೇಳುತ್ತಿದ್ದ ಚರಿತ್ರೆಯಲ್ಲಿ ಅರ್ಧಭಾಗವೇ ಬಿಟ್ಟುಹೋಗಿತ್ತೆಂಬುದು ನಮಗೆ ಮನವರಿಕೆಯಾಯಿತು.

ಮೊದಲು ಊರುಗಳ ಹೆಸರನ್ನೇ ನೋಡೋಣ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಮೂಡಿಗೆರೆ ತಾಲ್ಲೂಕಿನಲ್ಲಿದೆ. ಆ ಊರಿಗೆ ಈಗಿನ ಹೆಸರು ಅಂಗಡಿ. ಅದೇ ಸೀಮೆಯಲ್ಲಿ, ಬಲ್ಲಾಳರಾಯನ ದುರ್ಗದ ನೆರೆಯಲ್ಲಿ, ಸುಂಕಸಾಲೆ ಎಂಬ ಊರುಂಟು. ಸುಂಕದ ಸಾಲೆಯೆಂದರೆ ಸುಂಕವನ್ನು ಎತ್ತುವ ಮನೆ. ಸರಕು ಸಾಗದ ಕಡೆ ಅಂಗಡಿಯೂ ಇರದು, ಸುಂಕದ ಸಾಲೆಯೂ ಇರದು. ಈಗ ದಟ್ಟವಾದ ಕಾಡೆಂದು ನಾವು ನೋಡಿ ಬೆರಗಾಗುವ ಘಟ್ಟದ ಅಂಚಿನಲ್ಲಿ ಒಂದು ಕಾಲಕ್ಕೆ ಸರಕಿನ ಸಂಚಾರವಿದ್ದಿತೆಂಬುದಕ್ಕೆ ಈ ಹೆಸರುಗಳೇ ಸಾಕ್ಷಿ ಹೇಳುವಂತಿವೆ. ನಮ್ಮ ಹಳಗನ್ನಡ ಶಾಸನಗಳಲ್ಲಿ ಹೆಜ್ಜುಂಕ, ಕಿರುಕುಳ ಮೊದಲಾದ ತೆರಿಗೆಗಳ ಮಾತು ಮತ್ತೆ ಮತ್ತೆ ಬರುತ್ತದೆ; ಸುಂಕದ ಲೆಕ್ಕಕ್ಕೆ ಎತ್ತಿನ ಹೇರು, ಕತ್ತೆಯ ಹೇರು, ತಲೆಹೊರೆ ಎಂಬವೇ ಅಳತೆಗಳು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದವರು ದೇಶದೇಶಗಳ ಮೇಲೆ ವ್ಯಾಪಾರ ನಡೆಸಿದುದೂ ಇಂಥ ಹೇರುಗಳ ಬಲದಿಂದಲೇ.

ಘಟ್ಟವು ನಾಡುಗಳನ್ನು ಬೇರೆಮಾಡುವ ಗೋಡೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕಳಸದ ಚರಿತ್ರೆ ಇದಕ್ಕೆ ವಿರುದ್ಧವಾದುದು. ಹೊಂಬುಚದ ಸಾಂತರ ವಂಶಕ್ಕೆ ಸೇರಿದ ಭೈರರಸರು ಕಳಸವನ್ನೂ ಕಾರ್ಕಳವನ್ನೂ ಒಂದೇ ರಾಜ್ಯವಾಗಿ ಆಳಿದರು. ಒಂದು ರಾಜಧಾನಿ ಘಟ್ಟದ ಮೇಲೆ, ಮತ್ತೊಂದು ಘಟ್ಟದ ಕೆಳಗೆ. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನು ಈ ವಂಶದವನೇ. ನಡುವೆ ಇಷ್ಟು ದೊಡ್ಡ ಬೆಟ್ಟಸಾಲಿದ್ದೂ ರಾಜ್ಯವು ಒಂದಾಗಿ ನಿಂತುದಕ್ಕೆ ಕಾರಣವೇನು? ಮೇಲಿನವರಿಗೆ ಕೆಳಗಿನ ಉಪ್ಪು ಬೇಕು. ಕೆಳಗಿನ ಬಂದರಿಗೆ ಮೇಲಿನ ಮೆಣಸು, ಏಲಕ್ಕಿ, ಅಡಕೆ ಬೇಕು. ಈ ಎರಡು ಬೇಕುಗಳ ನಡುವೆ ಎತ್ತು ನಡೆಯಬಲ್ಲ ದಾರಿಯೊಂದಿದ್ದರೆ ಬೆಟ್ಟವು ಗೋಡೆಯಾಗದೆ ಬಾಗಿಲಾಗುತ್ತದೆ.

ಆದರೆ ಈ ಕೆಲಸಕ್ಕೆ ಎತ್ತೇ ಏಕೆ, ಕುದುರೆ ಏಕಾಗಲಿಲ್ಲ? ಅರಬ್ಬೀ ಕುದುರೆಗಳು ಭಟ್ಕಳವೇ ಮೊದಲಾದ ಬಂದರುಗಳಲ್ಲಿ ಇಳಿದು ಘಟ್ಟವನ್ನು ಹತ್ತಿ ವಿಜಯನಗರದ ಸೈನ್ಯಕ್ಕೆ ಹೋಗುತ್ತಿದ್ದುವು. ಅವು ಸ್ವತಃ ಬೆಲೆಯುಳ್ಳ ಸರಕುಗಳು, ಸರಕನ್ನು ಹೊರತಕ್ಕವಲ್ಲ. ತಟ್ಟುಗಳು ಅಲ್ಲಲ್ಲಿ ಹೊರೆ ಹೊತ್ತುದುಂಟು. ಆದರೆ ಮಲೆನಾಡಿನ ನೆಲವು ಕುದುರೆಗೆ ಒಗ್ಗಿದುದಲ್ಲ. ಅದರ ಗೊರಸು ಒಂದೇ ಗಟ್ಟಿ. ಪಾಚಿ ಕಟ್ಟಿದ ಬಂಡೆಯ ಮೇಲೆ ಜಾರುತ್ತದೆ. ಎತ್ತಿನ ಗೊರಸು ಎರಡಾಗಿ ಸೀಳಿರುವುದರಿಂದ ಕೆಸರಿನಲ್ಲಿಯೂ ಕಲ್ಲಿನಲ್ಲಿಯೂ ನೆಲವನ್ನು ಹಿಡಿಯುತ್ತದೆ. ಇನ್ನು ಮೇವಿನ ಮಾತು. ದುಡಿಯುವ ಕುದುರೆಗೆ ಹುರುಳಿ ಬೇಕು. ಹುರುಳಿಯಾದರೋ ಬಯಲುಸೀಮೆಯ ಬೆಳೆ. ಬಯಲಿನಿಂದ ಹುರುಳಿಯನ್ನು ತರಲು ಮತ್ತೊಂದು ಪ್ರಾಣಿ ಬೇಕಾಗುವುದು. ಎತ್ತು ಹಾಗಲ್ಲ. ಹೊರೆಯನ್ನು ಇಳಿಸಿದ ಕೂಡಲೆ ದಾರಿಯ ಮಗ್ಗುಲಿನ ಹುಲ್ಲನ್ನು ಮೇದು, ಹಳ್ಳದ ನೀರನ್ನು ಕುಡಿದು, ಮರುದಿನಕ್ಕೆ ಸಿದ್ಧವಾಗುತ್ತದೆ. ಹೀಗೆ ಕುದುರೆಯು ಸವಾರನ ಪಾಲಿಗೂ ಎತ್ತು ಸರಕಿನ ಪಾಲಿಗೂ ಬಂದುವು. ಮುಂದೆ ತೋಟಗಾರರು ಬಂದಾಗಲೂ ದೊರೆಗಳು ಕುದುರೆಯೇರಿ ತೋಟದಿಂದ ತೋಟಕ್ಕೆ ಹೋದರು. ಕಾಫಿಯು ಎತ್ತಿನ ಬೆನ್ನೇರಿತು.

ಹೇರು ಹೂಡುವ ಬಗೆ ಬಹು ಸರಳವಾದುದು. ಎತ್ತಿನ ಬೆನ್ನಿಗೆ ದಪ್ಪನೆಯ ಮೆತ್ತೆಯನ್ನು ಹಾಸಿ, ಎರಡು ಕಡೆಗೂ ಜೋಲುವಂತೆ ಜೋಡಿ ಚೀಲವನ್ನು ಹೇರುತ್ತಿದ್ದರು. ಕಂಠಲೆಯೆಂದು ಅದಕ್ಕೆ ಹೆಸರು. ಎರಡು ಮಗ್ಗುಲಿನ ತೂಕವೂ ಸಮನಾಗಿರಬೇಕು. ಇಲ್ಲವಾದರೆ ಇಳಿಜಾರಿನಲ್ಲಿ ಹೊರೆ ಒಂದು ಕಡೆಗೆ ವಾಲಿ ಎತ್ತಿನ ಬೆನ್ನು ಹುಣ್ಣಾಗುವುದು. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸನಾದ ಡೊಮಿಂಗೊ ಪಾಯೆಸ್ ಇಂಥ ಹೇರೆತ್ತುಗಳನ್ನು ಕಂಡು, ಇಪ್ಪತ್ತು ಮೂವತ್ತು ಎತ್ತುಗಳನ್ನು ಒಬ್ಬನೇ ಮನುಷ್ಯನು ಹೊಡೆದುಕೊಂಡು ಹೋಗುವನೆಂದು ಬರೆದಿಟ್ಟಿದ್ದಾನೆ.

ಈ ಕೆಲಸವನ್ನು ಕುಲಕಸುಬಾಗಿ ಮಾಡಿಕೊಂಡವರು ಲಂಬಾಣಿಗಳು. ಹೆಂಡಿರು ಮಕ್ಕಳು, ದನಕರು, ದೇವರು, ಎಲ್ಲವನ್ನೂ ಕೂಡಿಕೊಂಡು ಅವರ ತಾಂಡ ನಡೆಯುತ್ತಿತ್ತು. ರಾತ್ರಿ ಇಳಿದ ಕಡೆ ಹೇರಿನ ಗೋಣಿಗಳನ್ನೇ ಸುತ್ತಲೂ ಕೋಟೆಯಂತೆ ಒಟ್ಟಿ ಒಳಗೆ ಮಲಗುತ್ತಿದ್ದರು. ಉತ್ತರ ಹಿಂದೂಸ್ಥಾನದಲ್ಲಿ 1632ರಲ್ಲಿ ಪೀಟರ್ ಮಂಡಿ ಎಂಬ ಆಂಗ್ಲೇಯನು ದವಸ ಹೊತ್ತ 14,000 ಎತ್ತುಗಳ ತಾಂಡವೊಂದನ್ನು ಕಂಡನು. ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ಅದು ನಡೆಯುತ್ತಿರಲಿಲ್ಲ. ನಿಧಾನವಾದರೂ ಈ ನಡೆಯನ್ನು ರಾಜರು ಅಲ್ಲಗಳೆಯುವಂತಿರಲಿಲ್ಲ. 1791ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದೂ, ಎತ್ತುಗಳು ಸತ್ತುದರಿಂದ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂತಿರುಗಬೇಕಾಯಿತು. ಆ ಬಳಿಕ ಅವನ ಸೈನ್ಯದ ಹೊಟ್ಟೆಯನ್ನು ತುಂಬಿದವರು ಲಂಬಾಣಿಗಳು.

ಮಲೆನಾಡಿನಲ್ಲಿ ಲಂಬಾಣಿಗಳಲ್ಲದೆ ಕರಾವಳಿಯ ಬ್ಯಾರಿ ವರ್ತಕರೂ, ತಮ್ಮ ಸ್ವಂತ ಎತ್ತುಗಳನ್ನು ಹೊಡೆದುಕೊಂಡು ಘಟ್ಟವಿಳಿಯುತ್ತಿದ್ದ ಒಕ್ಕಲುಮಕ್ಕಳೂ ಇದ್ದರು. ಉಪ್ಪಿಗಿಂತ ರುಚಿಯಿಲ್ಲವೆಂಬುದು ಗಾದೆ. ಮಲೆನಾಡಿನವನಿಗೆ ಅದು ಗಾದೆಯಷ್ಟೇ ಅಲ್ಲ. ಮಳೆ ಹಿಡಿದರೆ ಹಳ್ಳಕೊಳ್ಳಗಳು ತುಂಬಿ ಘಟ್ಟದ ದಾರಿ ಮುಚ್ಚುವುದು. ಆದುದರಿಂದ ಮುಂಗಾರಿಗೆ ಮೊದಲೇ ನಾಲ್ಕು ತಿಂಗಳ ಉಪ್ಪು ಮನೆಯ ಅಟ್ಟವನ್ನು ಸೇರಬೇಕು. ಉಪ್ಪಿನ ಎತ್ತು ತಡವಾಯಿತೆಂದರೆ ಆ ಮನೆಯ ಮಳೆಗಾಲವೇ ಕೆಟ್ಟಿತು.

ಇಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ಎತ್ತಿನ ಬೆನ್ನಿಗೆ ಒಂದು ಮಿತಿಯಿದೆ. ದೂರದ ದಾರಿಯಲ್ಲಿ ಸಾಗಿಸುವ ಖರ್ಚನ್ನು ತಡೆದುಕೊಳ್ಳಬೇಕಾದರೆ ಸರಕು ತೂಕದಲ್ಲಿ ಕಡಮೆಯಾಗಿಯೂ ಬೆಲೆಯಲ್ಲಿ ಹೆಚ್ಚಾಗಿಯೂ ಇರಬೇಕು, ದಾರಿಯಲ್ಲಿ ಕೆಡಬಾರದು. ಮೆಣಸು, ಏಲಕ್ಕಿ, ಅಡಕೆಗಳು ಇಂಥವು. ಕಾಫಿಯೂ ಇಂಥದೇ. ಇದರ ಕೊಯ್ಲು ಮಳೆ ನಿಂತು ದಾರಿ ಒಣಗಿದ ಚಳಿಗಾಲದಲ್ಲಿಯೇ ಬರುತ್ತದೆ. 1830ರ ಸುಮಾರಿನಲ್ಲಿ ಚಿಕ್ಕಮಗಳೂರಿನ ಬಳಿ ಕ್ಯಾನನ್ ಎಂಬ ಇಂಗ್ಲಿಷ್ ತೋಟಗಾರನು ತೋಟವನ್ನು ಹಾಕಿದಾಗ ಅವನ ಬೆಳೆಗೆ ಹಾದಿ ಆಗಲೇ ಸಿದ್ಧವಾಗಿತ್ತು. ಮಣ್ಣೂ ಮಳೆಯೂ ನೆರಳೂ ಕಾಫಿಯನ್ನು ಬೆಳೆಸಿದುವು. ಆದರೆ ಅದನ್ನು ವ್ಯಾಪಾರದ ಬೆಳೆಯನ್ನಾಗಿ ಮಾಡಿದುದರಲ್ಲಿ ಎತ್ತಿನ ಬೆನ್ನಿನ ಪಾಲು ಸಣ್ಣದಲ್ಲ.

ಆ ಕಾಫಿಯೇ ಹೇರೆತ್ತಿಗೆ ಮೃತ್ಯುವಾಯಿತು. ತೋಟಗಳು ಹೆಚ್ಚಿದಂತೆ ಗಾಡಿಯ ರಸ್ತೆ ಬೇಕೆಂಬ ಕೂಗೂ ಹೆಚ್ಚಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ರಸ್ತೆಗಳ ಕೆಲಸವನ್ನು ನಡೆಸಿದನು. ಆ ಶತಮಾನದಲ್ಲಿಯೇ ಘಟ್ಟಗಳನ್ನು ಕಡಿದು ಗಾಡಿಗಳಿಗೆ ದಾರಿಮಾಡಿದರು. ಚಾರ್ಮಾಡಿಯ ದಾರಿಯಾಗಿ ಕಾಫಿಯು ಮಂಗಳೂರನ್ನು ಸೇರಿ, ಅಲ್ಲಿ ಹದಗೊಂಡು ಹಡಗನ್ನೇರಿತು. 1889ರ ವೇಳೆಗೆ ಕಡೂರು, ಬೀರೂರುಗಳಿಗೆ ರೈಲು ಬಂದಿತು. 1907ರಲ್ಲಿ ಮಂಗಳೂರಿಗೂ ಬಂದಿತು. ಹಲವು ಹೇರೆತ್ತುಗಳ ಹೊರೆಯನ್ನು ಒಂದು ಜೋಡಿ ಗಾಡಿಯೆತ್ತುಗಳು ಎಳೆಯುವಾಗ ಹೇರನ್ನು ಕೇಳುವವರಾರು?

ಎತ್ತಿಗೇನೋ ಗಾಡಿಯ ನೊಗ ಸಿಕ್ಕಿತು. ಎತ್ತಿನ ಹಿಂದೆ ನಡೆದವನ ಗತಿಯೇನಾಯಿತು? ಉಪ್ಪು ದವಸಗಳ ವ್ಯಾಪಾರ ಕೈಬಿಟ್ಟ ಲಂಬಾಣಿಗಳು ಕೆಲವರು ಬೇಸಾಯಕ್ಕೆ, ಕೆಲವರು ಸೌದೆ ಮಾರುವುದಕ್ಕೆ, ಹಲವರು ಕೂಲಿಗೆ ಇಳಿದರು. ಇಷ್ಟರಲ್ಲಿಯೇ ಮುಗಿಯಲಿಲ್ಲ. ಬ್ರಿಟಿಷ್ ಸರ್ಕಾರವು 1871ರಲ್ಲಿ ಒಂದು ಕಾಯಿದೆಯನ್ನು ಮಾಡಿ, ಅಲೆದು ಬಾಳುವ ಎಷ್ಟೋ ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತು. ಬರಬರುತ್ತ ಹಲವು ಪ್ರಾಂತಗಳಲ್ಲಿ ಲಂಬಾಣಿಗಳ ಕೆಲವು ಗುಂಪುಗಳೂ ಆ ಪಟ್ಟಿಯಲ್ಲಿ ಬಿದ್ದುವು. ಹಿಂದೆ ಅದೇ ಕಂಪನಿಯ ಸೈನ್ಯಕ್ಕೆ ಅನ್ನವನ್ನು ಹೊತ್ತು ತಂದವರ ಮಕ್ಕಳು ಮೊಮ್ಮಕ್ಕಳು ಇವರು! ದಾರಿಯಲ್ಲಿ ನಡೆಯುವುದು ಕಸುಬಾಗಿದ್ದಾಗ ಅವರು ವರ್ತಕರು. ಕಸುಬು ಹೋದ ಮೇಲೆ ಅದೇ ನಡೆ ಅಪರಾಧದ ಗುರುತಾಯಿತು. ಆ ಕಾಯಿದೆಯು ರದ್ದಾದುದು 1952ರಲ್ಲಿ. ಅದು ಹಚ್ಚಿದ ಕಳಂಕವು ಜನರ ಮಾತಿನಿಂದ ತೊಲಗಲು ಇನ್ನೂ ಬಹುಕಾಲ ಹಿಡಿಯಿತು.

ಕೆಲವು ವರ್ಷಗಳ ಹಿಂದೆ ನಾವು ಕಳಸದ ಕಡೆಯ ಕಾಡಿನಲ್ಲಿ ಕಾಲುದಾರಿಯೊಂದನ್ನು ಹಿಡಿದು ನಡೆದಿದ್ದೆವು. ಎರಡು ಮಗ್ಗುಲಿಗೂ ದಿಣ್ಣೆ. ನಡುವೆ ಮೊಳಕಾಲುದ್ದ ತಗ್ಗಾಗಿ ಸವೆದ ದಾರಿ. ನೀರು ಕೊರೆದುದಿರಬೇಕೆಂದು ನಾವೆಂದೆವು. ಜೊತೆಗಿದ್ದ ಮುದುಕರು ನಕ್ಕು, “ಇದು ನೀರಲ್ಲ ಸ್ವಾಮಿ, ಗೊರಸು” ಎಂದರು. ಕುದುರೆಮುಖದ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿತು. ಈಗ ಅಲ್ಲಿ ಬೆನ್ನಿಗೆ ಚೀಲವನ್ನು ಕಟ್ಟಿಕೊಂಡು ಸಂತೋಷಕ್ಕಾಗಿ ಬೆಟ್ಟವನ್ನು ಹತ್ತುವವರು ಹಲವರು. ಅದು ಒಳ್ಳೆಯದೇ. ಆದರೆ ಮನುಷ್ಯನು ಕಾಲಿಡದ ಅಡವಿಯಲ್ಲಿ ತಾವು ನಡೆಯುತ್ತಿದ್ದೇವೆಂದು ಅವರು ಎಣಿಸಬಾರದು. ಅವರ ಕಾಲ ಕೆಳಗಿನ ದಾರಿಯನ್ನು ಯಾವ ಅರಸನೂ ಕಡಿಸಲಿಲ್ಲ, ಯಾವ ಎಂಜಿನಿಯರನೂ ಅಳೆಯಲಿಲ್ಲ. ಶಾಸನದಲ್ಲಿ ಹೆಸರಿಲ್ಲದವರು ಉಪ್ಪನ್ನು ಮೇಲಕ್ಕೂ ಮೆಣಸನ್ನು ಕೆಳಕ್ಕೂ ಸಾಗಿಸುತ್ತ ಅದನ್ನು ನಡೆದು ಮಾಡಿದರು. ಆ ವಿದ್ಯಾರ್ಥಿಗೆ ನಾವು ಕೊಡಬೇಕಾಗಿದ್ದ ಉತ್ತರ ಇಷ್ಟೇ.