ಮುಚ್ಚಳದಿಂದ ಮೂಡಿದ ಆಟ

ಚಿಣಿಪಣಿ ಆಡಿ ಬೆಳೆದವರೆಲ್ಲ ಬಲ್ಲ ಮಾತೊಂದುಂಟು: ಆಟಕ್ಕೆ ಮುಖ್ಯವಾಗಿ ಬೇಕಾದುದು ಅಂಗಡಿಯ ಸಾಮಾನಲ್ಲ, ಒಂದಿಷ್ಟು ಬಯಲು. ಮರದ ತುಂಡೆರಡು ಎಲ್ಲಿಯಾದರೂ ಸಿಕ್ಕಾವು; ಬಯಲು ಹೋದರೆ ಆಟವೂ ಹೋಯಿತು. ಈ ಮಾತಿಗೆ ಸಾಕ್ಷಿಯಾಗಿ ನಿಲ್ಲುವ ಹೊರನಾಡಿನ ಆಟವೊಂದಿದೆ. ಅದೇ ಡಿಸ್ಕ್ ಗಾಲ್ಫ್, ಎಂದರೆ ತಟ್ಟೆ ಎಸೆದು ಆಡುವ ಗಾಲ್ಫ್.

ಗಾಲ್ಫ್ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಲ್ಲಿಯೇ ಸ್ಥಾಪನೆಯಾಯಿತು. ಆದರೆ ನೀರುಣಿಸಿ ಸಾಕಿದ ಹುಲ್ಲುಹಾಸು, ಬಗೆಬಗೆಯ ಕೋಲುಗಳು, ಸದಸ್ಯತ್ವದ ಹಣ, ಇವು ಸಾಮಾನ್ಯರಿಗೆ ಎಟುಕುವಂಥವಲ್ಲ. ಇವೊಂದೂ ಇಲ್ಲದೆ ಗಾಲ್ಫ್ ಆಡಬಹುದೆಂದು ತೋರಿಸಿದವರಲ್ಲಿ ಮೊದಲಿಗರು ಶಾಲೆಯ ಮಕ್ಕಳು. 1926ರಲ್ಲಿ ಕೆನಡಾ ದೇಶದ ಬ್ಲಾಡ್‌ವರ್ತ್ ಎಂಬ ಸಣ್ಣ ಊರಿನಲ್ಲಿ ರೊನಾಲ್ಡ್ ಗಿಬ್ಸನ್ ಮತ್ತು ಆತನ ಗೆಳೆಯರು ಶಾಲೆಯ ಬಯಲಿನ ಮರಳಿನಲ್ಲಿ ವೃತ್ತಗಳನ್ನು ಗೀಚಿ, ತಗಡಿನ ಡಬ್ಬಿಯ ಮುಚ್ಚಳಗಳನ್ನು ಅವುಗಳೊಳಗೆ ಬೀಳುವಂತೆ ಎಸೆದು ಆಡಿದರು. ಹುಡುಗರು ದೊಡ್ಡವರಾಗಿ ದಿಕ್ಕುದಿಕ್ಕಿಗೆ ಚದುರಿದರು. ಅವರೊಡನೆ ಆಟವೂ ಅಲ್ಲಿಗೇ ನಿಂತಿತು.

ಮುಂದೆ ಅಮೆರಿಕದ ಫ್ರೆಡ್ ಮಾರಿಸನ್ ರೂಪಿಸಿದ ಪ್ಲಾಸ್ಟಿಕ್ ತಟ್ಟೆಯನ್ನು ವಾಮ್-ಓ ಎಂಬ ಕಂಪನಿ 1957ರಲ್ಲಿ ಮಾರಾಟಕ್ಕೆ ತಂದಿತು. ಅದಕ್ಕೆ ಫ್ರಿಸ್ಬೀ ಎಂಬ ಹೆಸರು ನಿಂತಿತು. ಮರವನ್ನೋ ದೀಪದ ಕಂಬವನ್ನೋ ಗುರಿಯಾಗಿಟ್ಟು ಜನ ಅಲ್ಲಲ್ಲಿ ಆಡತೊಡಗಿದರು. ಅದೇ ಕಂಪನಿಯಲ್ಲಿ ದುಡಿದಿದ್ದ ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ ಈ ಆಟಕ್ಕೆ ಸ್ಥಿರವಾದ ನೆಲೆಯೊಂದನ್ನು ಒದಗಿಸಿದನು. ಮೊದಲು ಅಲ್ಲಿ ಕಂಬಗಳೇ ಗುರಿ. ತಟ್ಟೆ ಕಂಬಕ್ಕೆ ತಾಗಿತೋ ಇಲ್ಲವೋ ಎಂಬ ತಕರಾರು ಮಾತ್ರ ತಪ್ಪಲಿಲ್ಲ. ಅದಕ್ಕಾಗಿ ಹೆಡ್ರಿಕ್ ಕಂಬದ ಸುತ್ತ ಸರಪಳಿಗಳನ್ನು ಇಳಿಬಿಟ್ಟು, ಕೆಳಗೆ ಬುಟ್ಟಿಯನ್ನಿರಿಸಿದನು. ತಟ್ಟೆಯ ವೇಗ ಸರಪಳಿಯಲ್ಲಿ ಅಡಗಿ, ಅದು ಬುಟ್ಟಿಗೆ ಬೀಳುವುದು, ವಾದಕ್ಕೆ ಎಡೆಯಿಲ್ಲ. 1977ರಲ್ಲಿ ಇದಕ್ಕೆ ಪೇಟೆಂಟು ದೊರೆಯಿತು.

ಆಡುವ ಕ್ರಮ ಸುಲಭ. ತಟ್ಟೆ ಬಿದ್ದಲ್ಲಿಂದಲೇ ಮತ್ತೆ ಎಸೆಯುತ್ತ ಬುಟ್ಟಿಯನ್ನು ಸೇರಿಸಬೇಕು. ಸಾಮಾನ್ಯವಾಗಿ ಒಂಬತ್ತು ಇಲ್ಲವೆ ಹದಿನೆಂಟು ಬುಟ್ಟಿಗಳು. ಒಟ್ಟು ಎಸೆತ ಕಡಿಮೆಯಾದವರೇ ಗೆದ್ದವರು. ಇಲ್ಲಿ ಮರಗಳನ್ನು ಕಡಿಯಬೇಕಾಗಿಲ್ಲ. ಅವೇ ಆಟದ ಸೊಗಸಾದ ಅಡ್ಡಿಗಳು. ಅಜ್ಜನೂ ಮೊಮ್ಮಗಳೂ ಜೊತೆಯಾಗಿ ನಡೆಯುತ್ತ ಆಡಬಹುದು. ಮುಂದಿರುವವರು ದೂರ ಸರಿಯುವವರೆಗೆ ಎಸೆಯಬಾರದೆಂಬ ಎಚ್ಚರ ಮಾತ್ರ ಎಲ್ಲರಿಗೂ ಇರಬೇಕು.

ಬ್ಲಾಡ್‌ವರ್ತಿನ ಆಟ ಅಳಿಯಿತು, ಓಕ್ ಗ್ರೋವಿನದು ಉಳಿಯಿತು. ಏಕೆ? ಮುಚ್ಚಳ ಹುಡುಗರ ಸ್ವಂತದ್ದು, ಅವರೊಡನೆಯೇ ಹೋಯಿತು. ಉದ್ಯಾನ ಊರಿನದು, ಬಂದವರಿಗೆಲ್ಲ ತೆರೆದಿತ್ತು. ಕಾರ್ಖಾನೆಗಳ ನೆರೆಯಲ್ಲಿರುವ ಧಾರವಾಡದ ಲಕಮನಹಳ್ಳಿಯಂಥ ಕಡೆ ಡಬ್ಬಿಯ ಮುಚ್ಚಳಕ್ಕೇನು ಬರವೇ? ಮಕ್ಕಳ ತೋಳಿನಲ್ಲಿ ಕಸುವಿಗೇನು ಕೊರತೆಯೇ? ಆದರೆ ನಿವೇಶನದ ನಕ್ಷೆ ಬರೆಯುವಾಗ ಹತ್ತು ಮರಗಳಿರುವ ಬಯಲೊಂದನ್ನು ಎಲ್ಲರ ಹೆಸರಿನಲ್ಲಿ ಬಿಡದೆ ಹೋದರೆ, ತಟ್ಟೆಯ ಆಟವಿರಲಿ, ನಮ್ಮ ಚಿಣಿಪಣಿಯೂ ಮಕ್ಕಳಿಗೆ ಕತೆಯಾಗಿಯೇ ಉಳಿದೀತು.