ಸ್ಫಟಿಕರಚನೆಯ ಸಂಶೋಧನೆಯೂ ಉಲ್ಲೇಖಗಳ ಗಣನೆಯೂ

ಒಬ್ಬ ರಸಾಯನವಿಜ್ಞಾನಿಯ ಜೀವಮಾನದ ದುಡಿಮೆಯನ್ನು ಅಂಕಿಗಳಿಂದ ಅಳೆದು, ಆತನಿಗೆ ಇಂತಿಷ್ಟನೆಯ ಸ್ಥಾನವೆಂದು ಗೊತ್ತುಪಡಿಸುವ ಪದ್ಧತಿ ಈಚೆಗೆ ನಮ್ಮ ವಿದ್ಯಾಸಂಸ್ಥೆಗಳಲ್ಲಿ ಬೇರೂರಿದೆ. ಆತನ ಪ್ರಬಂಧಗಳು ಎಷ್ಟು ಪ್ರಕಟವಾದುವು, ಅನ್ಯರು ಅವನ್ನು ಎಷ್ಟು ಬಾರಿ ಉಲ್ಲೇಖಿಸಿದರು ಎಂಬ ಎರಡು ಸಂಖ್ಯೆಗಳೇ ಈ ಅಳತೆಗೆ ಆಧಾರ. ಸ್ಫಟಿಕರಚನೆಯ ಅಧ್ಯಯನಕ್ಕೆ ಈ ಅಳತೆಗೋಲು ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ವಿಷಯವು ರಸಾಯನಶಾಸ್ತ್ರಕ್ಕೆ ಸೇರಿದ್ದಾದರೂ ಪ್ರಶ್ನೆಯು ಇತಿಹಾಸದ್ದು. ಯಾರ ಕೆಲಸ ಉಳಿಯಿತು, ಯಾವ ಕಾರಣದಿಂದ ಉಳಿಯಿತು ಎಂದು ಕೇಳುವುದು ನಮ್ಮ ಶಾಸ್ತ್ರದ ಹಳೆಯ ವೃತ್ತಿಯಷ್ಟೆ.

ಕೋಲಾರದ ಚಿನ್ನದ ಗಣಿಗಳ ನಡುವೆ, ಊರಿಗಾಂನಲ್ಲಿ ಕುಳಿತು ಈ ವಿಚಾರ ಮಾಡುವವರಿಗೆ ಒಂದು ಅನುಕೂಲವುಂಟು. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರು ಕೈಹಾಕಿದಂದಿನಿಂದ ೨೦೦೧ರ ಫೆಬ್ರವರಿ ೨೮ರಂದು ಮುಚ್ಚುವವರೆಗೆ ಈ ಗಣಿಗಳಿಂದ ಸುಮಾರು ೮೦೦ ಟನ್ನು ಚಿನ್ನ ಹೊರಬಂದಿತು. ಮೊದಮೊದಲು ಟನ್ನು ಅದಿರಿಗೆ ನಲವತ್ತು ಗ್ರಾಮಿಗೂ ಮೇಲ್ಪಟ್ಟು ಸಿಕ್ಕುತ್ತಿದ್ದ ಚಿನ್ನ, ಕಡೆಯ ವರ್ಷಗಳಲ್ಲಿ ನಾಲ್ಕೈದು ಗ್ರಾಮಿಗಿಂತಲೂ ಕೆಳಗಿಳಿಯಿತು. ಎಷ್ಟು ಟನ್ನು ಅದಿರು ಮೇಲೆ ಬಂದಿತೆಂಬ ಒಂದೇ ಅಂಕಿಯಿಂದ ಗಣಿಯ ಬೆಲೆ ಕಟ್ಟಹೊರಟವನನ್ನು ಇಲ್ಲಿಯ ಕೂಲಿಯಾಳೂ ನಂಬುತ್ತಿರಲಿಲ್ಲ. ಟನ್ನಿಗೆ ಚಿನ್ನವೆಷ್ಟು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತಿತ್ತು. ವಿದ್ಯೆಯ ಲೆಕ್ಕದಲ್ಲಿ ಈ ಎರಡನೆಯ ಪ್ರಶ್ನೆಗೆ ಉತ್ತರವೆಂದು ಉಲ್ಲೇಖಗಳ ಎಣಿಕೆಯನ್ನು ಮುಂದಿಡುತ್ತಾರೆ. ಅದು ನಿಜವಾಗಿ ಚಿನ್ನವನ್ನೇ ತೂಗುತ್ತದೆಯೆ ಎಂಬುದು ನಮ್ಮ ಸಂದೇಹ.

ಸ್ಫಟಿಕದೊಳಗೆ ಪರಮಾಣುಗಳು ಸಾಲುಗಟ್ಟಿ ಕ್ರಮವಾಗಿ ನೆಲೆಸಿರುವುದರಿಂದ, ಅದರ ಮೂಲಕ ಹಾಯ್ದ ಕ್ಷಕಿರಣಗಳು ಗೊತ್ತಾದ ದಿಕ್ಕುಗಳಲ್ಲಿ ಮಾತ್ರ ಚದರಿ ಚುಕ್ಕೆಗಳ ವಿನ್ಯಾಸವನ್ನು ಮೂಡಿಸುತ್ತವೆ. ೧೯೧೨ರಲ್ಲಿ ಜರ್ಮನಿಯ ಲೌಯೆ ತೋರಿಸಿದ ಈ ಸಂಗತಿಯನ್ನು ಹಿಡಿದು ಇಂಗ್ಲೆಂಡಿನ ಬ್ರಾಗ್ ತಂದೆಮಕ್ಕಳು ಮರುವರ್ಷವೇ ಪರಮಾಣುಗಳ ನೆಲೆಯನ್ನು ಲೆಕ್ಕಹಾಕಿದರು. ಚುಕ್ಕೆಗಳ ತೀವ್ರತೆಯನ್ನು ಅಳೆಯಬಹುದು. ಆದರೆ ಅಲೆಗಳ ಹಂತ ಯಾವುದೆಂಬುದು ಚಿತ್ರದಲ್ಲಿ ಕಾಣದು. ಅದನ್ನು ಊಹಿಸಿ, ಪರೀಕ್ಷಿಸಿ, ತಿದ್ದಿ ರಚನೆಯನ್ನು ನಿಲ್ಲಿಸಬೇಕು. ಕೈಲೆಕ್ಕದ ಕಾಲದಲ್ಲಿ ಒಂದೊಂದು ರಚನೆಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತಿದ್ದುವು. ಒಳ್ಳೆಯ ಸ್ಫಟಿಕವಿದ್ದರೆ ಇಂದು ಅದೇ ಕೆಲಸ ಒಂದು ದಿನದೊಳಗೆ ಮುಗಿಯಬಹುದು. ಬೇರೆಬೇರೆ ಕಾಲದ ಇಬ್ಬರು ವಿಜ್ಞಾನಿಗಳ ಪ್ರಬಂಧಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗುವುದು ಈ ಒಂದು ಕಾರಣದಿಂದಲೇ ಅಸಂಗತವಾಗುತ್ತದೆ.

ಉಲ್ಲೇಖಗಳನ್ನು ಎಣಿಸುವ ಕ್ರಮವು ಹುಟ್ಟಿದ್ದು ವಿಜ್ಞಾನಿಗಳಿಗೆ ಸ್ಥಾನ ನಿರ್ಣಯಿಸುವುದಕ್ಕಲ್ಲ. ೧೯೫೫ರಲ್ಲಿ ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ ಅದನ್ನು ಸೂಚಿಸಿದಾಗ, ಒಂದು ಪ್ರಬಂಧದಿಂದ ಅದಕ್ಕೆ ಸಂಬಂಧಿಸಿದ ಇನ್ನೊಂದನ್ನು ಹುಡುಕಿಕೊಳ್ಳಲು ಅನುವಾಗಲೆಂಬುದೇ ಮುಖ್ಯ ಉದ್ದೇಶವಾಗಿದ್ದಿತು. ವಿಜ್ಞಾನದ ಉಲ್ಲೇಖಸೂಚಿಯು ೧೯೬೦ರ ದಶಕದ ಮೊದಲ ಭಾಗದಲ್ಲಿ ಹೊರಬಂದಿತು. ಗ್ರಂಥಾಲಯದ ವ್ಯವಹಾರಕ್ಕೆ ಗಣಿತವನ್ನು ಅನ್ವಯಿಸಬೇಕೆಂದು ನಮ್ಮ ಎಸ್. ಆರ್. ರಂಗನಾಥನ್ ಅವರು ೧೯೪೮ರಲ್ಲಿಯೇ ಹೇಳಿದ್ದರು. ಅವರ ದೃಷ್ಟಿಯೂ ಓದುಗರ ಸೇವೆಯ ಕಡೆಗೇ ಇದ್ದಿತು. ಹುಡುಕುವ ಸಾಧನವು ಅಳೆಯುವ ಸಾಧನವಾದುದು ಕ್ರಮೇಣ. ೨೦೦೫ರಲ್ಲಿ ಭೌತವಿಜ್ಞಾನಿ ಹಿರ್ಷ್ ಒಬ್ಬೊಬ್ಬ ವಿಜ್ಞಾನಿಗೂ ಒಂದೇ ಸೂಚ್ಯಂಕವನ್ನು ಕೊಟ್ಟರು. ೨೦೧೯ರಲ್ಲಿ ಅಯಾನಿಡಿಸ್ ಮತ್ತು ಸಂಗಡಿಗರು ಜಗತ್ತಿನ ಒಂದು ಲಕ್ಷ ವಿಜ್ಞಾನಿಗಳ ಪಟ್ಟಿಯನ್ನೇ ಪ್ರಕಟಿಸಿದರು.

ಸ್ಫಟಿಕರಚನೆಯ ಕ್ಷೇತ್ರದಲ್ಲಿ ಈ ಅಳತೆಯು ಹೇಗೆ ನಡೆಯುತ್ತದೆ ಎಂಬುದನ್ನು ಒಂದೇ ಪ್ರಬಂಧದಿಂದ ನೋಡಬಹುದು. ೧೯೭೮ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಡಿ.ಎನ್.ಎ. ಜೋಡಿಸುರುಳಿಯ ಒಂದು ಸಣ್ಣ ತುಣುಕಿನ ರಚನೆಯನ್ನು ಪರಮಾಣುಗಳ ಮಟ್ಟದಲ್ಲಿ ತೋರಿಸಿದ ವರದಿ ಪ್ರಕಟವಾಯಿತು. ಅದರ ಮೊದಲ ಲೇಖಕರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎ. ವಿಶ್ವಾಮಿತ್ರ. ಸಹಲೇಖಕರಲ್ಲಿ ಕೇಂಬ್ರಿಜ್ಜಿನ ಓಲ್ಗಾ ಕೆನಾರ್ಡ್ ಮತ್ತು ಜಾರ್ಜ್ ಶೆಲ್ಡ್ರಿಕ್ ಇದ್ದರು. ಕೆನಾರ್ಡ್ ಅವರು ೧೯೬೫ರಲ್ಲಿ ಸ್ಫಟಿಕರಚನೆಗಳ ದತ್ತಾಂಶ ಭಂಡಾರವನ್ನು ಸ್ಥಾಪಿಸಿದವರು. ಶೆಲ್ಡ್ರಿಕ್ ಅವರು ರಚನೆಯನ್ನು ಲೆಕ್ಕಹಾಕುವ ‘ಶೆಲ್‌ಎಕ್ಸ್’ ಎಂಬ ಗಣಕದ ಕ್ರಮವಿಧಿಯನ್ನು ಬರೆದವರು. ರಚನೆಯನ್ನು ಬಿಡಿಸಿದವರು, ರಚನೆಗಳನ್ನು ಕೂಡಿಡುವವರು, ಬಿಡಿಸಲು ಸಾಧನ ಒದಗಿಸಿದವರು, ಹೀಗೆ ಮೂರು ಬಗೆಯ ದುಡಿಮೆ ಒಂದೇ ಪುಟದ ಶಿರೋಭಾಗದಲ್ಲಿ ಕೂಡಿದ್ದಿತು.

ಮೂವರ ಪೈಕಿ ಉಲ್ಲೇಖಗಳ ಹೊಳೆ ಹರಿದುದು ಶೆಲ್ಡ್ರಿಕ್ ಅವರ ಕಡೆಗೆ. ಅವರು ೨೦೦೮ರಲ್ಲಿ ತಮ್ಮ ಕ್ರಮವಿಧಿಯ ಚರಿತ್ರೆಯನ್ನು ಹತ್ತಾರು ಪುಟಗಳಲ್ಲಿ ಬರೆದು, ಅದನ್ನು ಬಳಸಿದವರು ಈ ಲೇಖನವನ್ನು ಉಲ್ಲೇಖಿಸಬಹುದೆಂದು ಸೂಚಿಸಿದರು. ಸ್ಫಟಿಕ ಬಿಡಿಸುವವರೆಲ್ಲರೂ ಅಂತೆಯೇ ಮಾಡಿದರು. ಅದು ಪ್ರಕಟವಾದ ‘ಆಕ್ಟಾ ಕ್ರಿಸ್ಟಲೊಗ್ರಾಫಿಕಾ’ದ ‘ಎ’ ವಿಭಾಗದ ಪ್ರಭಾವಾಂಕ ೨೦೦೮ರಲ್ಲಿ ೨.೦೫೧ ಇದ್ದುದು ೨೦೦೯ರಲ್ಲಿ ೪೯.೯೨೬ಕ್ಕೆ ಏರಿತು! ಆ ಲೇಖನವು ಲೆಕ್ಕದ ಅವಧಿಯಿಂದ ಹೊರಬಿದ್ದೊಡನೆ, ೨೦೧೧ರಲ್ಲಿ, ಅಂಕವು ಮತ್ತೆ ಎರಡರ ಸುತ್ತಿಗೆ ಇಳಿಯಿತು. ಆ ಎರಡು ವರ್ಷ ಅದೇ ಪತ್ರಿಕೆಯಲ್ಲಿ ಬರೆದ ಉಳಿದವರು ಏನೂ ಮಾಡದೆ ಪ್ರಭಾವಶಾಲಿಗಳಾಗಿ, ಮೂರನೆಯ ವರ್ಷ ಏನೂ ಮಾಡದೆಯೇ ಆ ಪದವಿಯನ್ನು ಕಳೆದುಕೊಂಡರು. ಶೆಲ್ಡ್ರಿಕ್ ಅವರ ಸಾಧನವು ಲೋಕೋಪಕಾರಿಯೆಂಬುದು ನಿರ್ವಿವಾದ. ಇಲ್ಲಿ ಎಣಿಕೆ ಸುಳ್ಳು ಹೇಳಿತೆಂದೂ ನಾವು ಹೇಳುವುದಿಲ್ಲ. ಅದು ಅಳೆದುದು ಬಳಕೆಯನ್ನು, ಓದುವವರು ಅದನ್ನು ಗುಣವೆಂದು ಓದಿದರು.

ಇದಕ್ಕೆ ವಿರುದ್ಧವಾದ ಉದಾಹರಣೆ ಜಿ. ಎನ್. ರಾಮಚಂದ್ರನ್ ಅವರದು. ಬೆಂಗಳೂರಿನ ಸಂಸ್ಥೆಯಲ್ಲಿ ರಾಮನ್ ಅವರ ಶಿಷ್ಯರಾಗಿ ಬೆಳೆದು, ೧೯೫೨ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ಇವರು, ೧೯೬೩ರಲ್ಲಿ ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡನೆ ಐದು ಪುಟಗಳ ಒಂದು ಪ್ರಬಂಧವನ್ನು ಪ್ರಕಟಿಸಿದರು. ಪ್ರೋಟೀನಿನ ಸರಪಣಿಯು ಯಾವ ಯಾವ ಕೋನಗಳಲ್ಲಿ ತಿರುಗಬಹುದು, ಯಾವ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ ಎಂಬುದನ್ನು ಅದು ಒಂದು ನಕ್ಷೆಯಲ್ಲಿ ಗುರುತಿಸಿತು. ಇಂದು ಜಗತ್ತಿನ ಎಲ್ಲಿಯೇ ಒಂದು ಪ್ರೋಟೀನಿನ ರಚನೆಯನ್ನು ಬಿಡಿಸಿದರೂ ಅದರ ಸಾಧುತ್ವವನ್ನು ‘ರಾಮಚಂದ್ರನ್ ನಕ್ಷೆ’ಯ ಮೇಲೆ ಒರೆಹಚ್ಚುತ್ತಾರೆ. ಹೆಸರು ನಕ್ಷೆಗೇ ಅಂಟಿಕೊಂಡುದರಿಂದ ಬಹುಮಂದಿ ಮೂಲಪ್ರಬಂಧವನ್ನು ಉಲ್ಲೇಖಿಸುವ ಗೋಜಿಗೇ ಹೋಗುವುದಿಲ್ಲ. ಒಂದು ಕೃತಿಯು ಸರ್ವಸಮ್ಮತವಾದಷ್ಟೂ ಅದರ ಉಲ್ಲೇಖ ಮರೆಯಾಗುವುದೆಂದು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದಾರೆ. ದ್ವಿತೀಯಾ ವಿಭಕ್ತಿಯನ್ನು ಬಳಸುವಾಗ ಪಾಣಿನಿಯ ಸೂತ್ರಸಂಖ್ಯೆಯನ್ನು ಯಾರು ಹೇಳುತ್ತಾರೆ?

ಇನ್ನು ಮೂರನೆಯ ಬಗೆ, ಅಂದರೆ ರಚನೆಗಳನ್ನು ಒಂದೊಂದಾಗಿ ಬಿಡಿಸಿ ವರದಿ ಮಾಡುವ ದುಡಿಮೆ. ನಮ್ಮ ನಾಡಿನಲ್ಲಿ ಇದಕ್ಕೆ ಎದ್ದುಕಾಣುವ ನಿದರ್ಶನ ಮೈಸೂರು ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗದ ಎಚ್. ಎಸ್. ಯತಿರಾಜನ್ ಅವರದು. ಮಾನಸಗಂಗೋತ್ರಿಯಲ್ಲಿ ಔಷಧದ್ರವ್ಯಗಳನ್ನೂ ಅವುಗಳ ಲವಣಗಳನ್ನೂ ಹರಳುಗಟ್ಟಿಸಿ, ಮಂಗಳೂರು ವಿಶ್ವವಿದ್ಯಾನಿಲಯದ ಬಿ. ನಾರಾಯಣ, ಅಮೆರಿಕದ ಕೀನ್ ಸ್ಟೇಟ್ ಕಾಲೇಜಿನ ಜೆರಿ ಜಾಸಿನ್ಸ್ಕಿ, ಜರ್ಮನಿಯ ಮೈಕೇಲ್ ಬೋಲ್ಟೆ ಮೊದಲಾದವರ ಸಹಕಾರದಿಂದ ಇವರು ನೂರಾರು ರಚನೆಗಳನ್ನು ಪ್ರಕಟಿಸಿದರು. ಮನೋವ್ಯಾಕುಲತೆಗೆ ಕೊಡುವ ಡೆಸಿಪ್ರಮೀನ್, ರಕ್ತದ ಅರ್ಬುದಕ್ಕೆ ಕೊಡುವ ಇಮಾಟಿನಿಬ್ ಇವುಗಳ ಪಿಕ್ರೇಟ್ ಲವಣಗಳು ಅವುಗಳಲ್ಲಿ ಸೇರಿವೆ. ಇಂತಹ ವರದಿಗಳು ಬಹುಪಾಲು ೨೦೦೧ರಲ್ಲಿ ಪ್ರಾರಂಭವಾದ ‘ಆಕ್ಟಾ’ದ ‘ಇ’ ವಿಭಾಗದಲ್ಲಿ ಒಂದೆರಡು ಪುಟಗಳಲ್ಲಿ ಬರುತ್ತಿದ್ದುವು. ಸಂಖ್ಯೆಯಿಂದ ನೋಡಿದರೆ ಇದು ಬೆರಗುಗೊಳಿಸುವ ರಾಶಿ. ಆದರೆ ಬಿಡಿ ರಚನೆಯ ವರದಿಗೆ ದೊರೆಯುವ ಉಲ್ಲೇಖ ಸಾಮಾನ್ಯವಾಗಿ ಅಲ್ಪವೇ. ಒಂದು ಪಟ್ಟಿಯು ಈ ಬಗೆಯ ದುಡಿಮೆಯನ್ನು ಮೇಲೆತ್ತಿದರೆ ಇನ್ನೊಂದು ಕೆಳಗಿಳಿಸುವುದು ಇದರಿಂದಲೇ.

ಇವೆರಡರಲ್ಲಿ ಯಾವುದೂ ಪೂರ್ತಿ ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ನಮ್ಮ ಕ್ಷೇತ್ರದಿಂದಲೇ ಒಂದು ಹೋಲಿಕೆ ಕೊಡಬಹುದು. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ ೧೯೦೫ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಅದರಲ್ಲಿ ಒಂದು ಹಳ್ಳಿಯ ವೀರಗಲ್ಲಿನ ನಾಲ್ಕು ಸಾಲನ್ನು ಬಿಡಿಯಾಗಿ ಉಲ್ಲೇಖಿಸುವವರು ವಿರಳ. ಹಾಗೆಂದು ಆ ಬಿಡಿಶಾಸನಗಳಿಲ್ಲದೆ ಗಂಗರ, ನೊಳಂಬರ ಚರಿತ್ರೆಯನ್ನು ಬರೆಯುವುದು ಸಾಧ್ಯವೂ ಇಲ್ಲ. ಸ್ಫಟಿಕಗಳ ವಿಷಯವೂ ಹಾಗೆಯೇ. ೧೯೮೨ರಲ್ಲಿ ರಾಬಿನ್ ಟೇಲರ್ ಮತ್ತು ಕೆನಾರ್ಡ್, ಭಂಡಾರದಲ್ಲಿದ್ದ ೧೧೩ ರಚನೆಗಳನ್ನು ಒಟ್ಟಿಗೆ ಪರೀಕ್ಷಿಸಿ, ಇಂಗಾಲಕ್ಕೆ ಸೇರಿದ ಜಲಜನಕವೂ ಆಮ್ಲಜನಕದೊಡನೆ ದುರ್ಬಲ ಬಂಧವನ್ನು ಏರ್ಪಡಿಸಬಲ್ಲದೆಂದು ಸ್ಥಾಪಿಸಿದರು. ಬಹುಕಾಲ ವಿವಾದದಲ್ಲಿದ್ದ ಪ್ರಶ್ನೆಯದು. ಮೊದಲು ಹೈದರಾಬಾದಿನಲ್ಲಿಯೂ ೨೦೦೯ರಿಂದ ಬೆಂಗಳೂರಿನಲ್ಲಿಯೂ ಕೆಲಸ ಮಾಡಿದ ಗೌತಮ್ ದೇಸಿರಾಜು ಅವರ ಸ್ಫಟಿಕ ಶಿಲ್ಪವಿಜ್ಞಾನವು ಇಂತಹ ದುರ್ಬಲ ಬಂಧಗಳ ತಿಳಿವಳಿಕೆಯ ಮೇಲೆಯೇ ನಿಂತಿದೆ. ೧೯೮೯ರ ಅವರ ಗ್ರಂಥವು ವ್ಯಾಪಕವಾಗಿ ಉಲ್ಲೇಖಿತವಾಗಿದೆ. ಅದರ ಅಡಿಗೆ ಕಲ್ಲು ಹೊತ್ತವರ ಹೆಸರು ಎಣಿಕೆಯಲ್ಲಿ ಸಿಕ್ಕದು. ಭಂಡಾರದ ರಚನೆಗಳು ೨೦೧೯ರಲ್ಲಿ ಹತ್ತು ಲಕ್ಷವನ್ನು ದಾಟಿದುವು.

ಬಿಡಿವರದಿಯ ಬೆಲೆ ನಿಂತಿರುವುದು ಅದು ನಿಜವಾಗಿರುವುದರ ಮೇಲೆ. ವೀರಗಲ್ಲನ್ನು ತಪ್ಪಾಗಿ ಓದಿದರೆ ಚರಿತ್ರೆ ತಪ್ಪುತ್ತದೆ. ಕಲ್ಲೇ ಇಲ್ಲದೆ ಪಾಠ ಅಚ್ಚುಮಾಡಿದರೆ? ‘ಇ’ ವಿಭಾಗದಲ್ಲಿ ಅಂತಹುದೂ ನಡೆಯಿತು. ಚೀನದ ಜಿಂಗ್‌ಗಾಂಗ್‌ಶಾನ್ ವಿಶ್ವವಿದ್ಯಾನಿಲಯದ ಎರಡು ಗುಂಪುಗಳು ಒಂದು ಸಾಚಾ ಸ್ಫಟಿಕದ ಅಳತೆಗಳನ್ನು ಹಿಡಿದು, ಒಂದೆರಡು ಪರಮಾಣುಗಳ ಹೆಸರನ್ನು ಮಾತ್ರ ಬದಲಿಸಿ, ಹೊಸ ಸಂಯುಕ್ತಗಳೆಂದು ಪ್ರಕಟಿಸಿದ್ದುವು. ಪ್ರಬಂಧದೊಡನೆ ಮೂಲ ಅಳತೆಗಳನ್ನೂ ಸಲ್ಲಿಸಬೇಕೆಂಬ ನಿಯಮವಿದ್ದುದರಿಂದ ಸಂಪಾದಕರು ಅವನ್ನು ಒಂದಕ್ಕೊಂದು ತಾಳೆನೋಡಿ ಮೋಸವನ್ನು ಹಿಡಿದರು. ೭೦ ರಚನೆಗಳು ಹಿಂತೆಗೆಯಲ್ಪಡುತ್ತವೆಂದು ೨೦೧೦ರ ಜನವರಿಯಲ್ಲಿ ಸಾರಿದರು. ಪ್ರಬಂಧಸಂಖ್ಯೆಗೆ ಬಹುಮಾನವನ್ನೂ ಬಡ್ತಿಯನ್ನೂ ಕಟ್ಟಿಹಾಕಿದೆಡೆಯಲ್ಲಿ ಇಂತಹ ಬೆಳೆ ಬೆಳೆಯುವುದು ಆಶ್ಚರ್ಯವಲ್ಲ. ಮೋಸವನ್ನು ಹಿಡಿದುದು ಉಲ್ಲೇಖದ ಎಣಿಕೆಯಲ್ಲ, ಠೇವಣಿಯಿಟ್ಟ ಅಳತೆಗಳು ಎಂಬುದು ಗಮನಾರ್ಹ.

ಅದೇ ೨೦೧೦ರಲ್ಲಿ ನಮ್ಮ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಅಧ್ಯಾಪಕರ ನೇಮಕ ಮತ್ತು ಬಡ್ತಿಗೆ ಅಂಕಗಳ ಪದ್ಧತಿಯನ್ನು ತಂದಿತು. ೨೦೧೮ರ ನಿಯಮಗಳು ಅದನ್ನು ಬದಲಿಸಿದರೂ ಪ್ರಬಂಧಕ್ಕಿಷ್ಟು, ಪತ್ರಿಕೆಯ ಪ್ರಭಾವಾಂಕಕ್ಕಿಷ್ಟು ಎಂಬ ಕೋಷ್ಟಕವನ್ನು ಉಳಿಸಿಕೊಂಡುವು. ಗಣಿಸೀಮೆಯ ಅಥವಾ ಬಂಗಾರಪೇಟೆಯಂತಹ ಊರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುವವರ ಸ್ಥಿತಿಯನ್ನು ಈ ಕೋಷ್ಟಕದ ಎದುರಿಗೆ ಇಟ್ಟು ನೋಡಬೇಕು. ಕ್ಷಕಿರಣದ ಉಪಕರಣ ಅವರಲ್ಲಿರುವುದಿಲ್ಲ. ಗಾಜಿನ ಬಟ್ಟಲಿನಲ್ಲಿ ವಾರಗಟ್ಟಲೆ ಕಾದು ಬೆಳೆಸಿದ ಹರಳನ್ನು ಮೈಸೂರಿಗೋ ಬೆಂಗಳೂರಿಗೋ ಕಳುಹಿಸಬೇಕು. ಅಳತೆ ಅಲ್ಲಿಯದು, ಹರಳು ಇವರದು, ಪ್ರಬಂಧದಲ್ಲಿ ಇವರ ಹೆಸರು ನಾಲ್ಕನೆಯದೋ ಐದನೆಯದೋ ಆಗಿರುತ್ತದೆ. ಕೋಷ್ಟಕವು ಆ ನಾಲ್ಕನೆಯ ಹೆಸರಿಗೆ ಅಂಕವನ್ನು ಹಂಚಿಕೊಡುತ್ತದೆ. ಹರಳನ್ನು ಬೆಳೆಸಿದವರು ಯಾರೆಂದು ಕೇಳುವುದಿಲ್ಲ.

ಭಂಡಾರಕ್ಕೆ ಸೇರಿದ ಪ್ರತಿಯೊಂದು ರಚನೆಗೂ ಒಂದು ಠೇವಣಿಸಂಖ್ಯೆಯಿರುತ್ತದೆ. ಆ ಸಂಖ್ಯೆಯಿಂದ ಯಾರು ಬೇಕಾದರೂ ಅಳತೆಗಳನ್ನು ತೆರೆದು ಪರೀಕ್ಷಿಸಬಹುದು. ಅಧ್ಯಾಪಕರ ಕೆಲಸವನ್ನು ತೂಗುವ ಸಮಿತಿಯವರು ಪ್ರಭಾವಾಂಕದ ಅಂಕಣದ ಪಕ್ಕದಲ್ಲಿ ಈ ಸಂಖ್ಯೆಗೂ, ಹರಳನ್ನು ಬೆಳೆಸಿದವರ ಹೆಸರಿಗೂ ಒಂದೊಂದು ಅಂಕಣವನ್ನು ಬಿಡಬೇಕೆಂದು ನಾವು ಸೂಚಿಸುತ್ತೇವೆ. ಇದಕ್ಕೆ ಹೊಸ ಖರ್ಚು ಏನೂ ಇಲ್ಲ. ಆ ಸಂಖ್ಯೆಯನ್ನು ತೆರೆದು ನೋಡಬಲ್ಲ ಒಬ್ಬ ಸ್ಫಟಿಕತಜ್ಞರು ಮಾತ್ರ ಸಮಿತಿಯಲ್ಲಿ ಇರಬೇಕಾಗುತ್ತದೆ.